ಪ್ರೊಕ್ಯಾಲ್ಸಿಟೋನಿನ್ ಇಳಿದರೆ ಅಪಾಯ ಕಳೆಯಿತೇ?

ಪ್ರಶ್ನೆ: ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಮೂತ್ರದ ಸೋಂಕಿನಿಂದ ಸೆಪ್ಸಿಸ್ ಆಗಿ ಐಸಿಯುನಲ್ಲಿದ್ದಾರೆ. ನಾಲ್ಕು ದಿನದಲ್ಲಿ ಪ್ರೊಕ್ಯಾಲ್ಸಿಟೋನಿನ್ 42ರಿಂದ 11ಕ್ಕೆ, ಲ್ಯಾಕ್ಟೇಟ್ 4.1ರಿಂದ 1.8ಕ್ಕೆ ಇಳಿದಿದೆ. ಕ್ರಿಯಾಟಿನಿನ್ ಮಾತ್ರ 2.6. ಅಪ್ಪ ಉಳಿಯುತ್ತಾರೆಯೇ?

ಉತ್ತರ: ಯಾವ ಒಂದು ರಕ್ತಪರೀಕ್ಷೆಯೂ ಇದಕ್ಕೆ ಹೌದು-ಇಲ್ಲ ಎನ್ನಲಾರದು. ಆದರೂ ನಿಮ್ಮ ವರದಿಗಳಲ್ಲಿ ನನಗೆ ಹೆಚ್ಚು ಸಮಾಧಾನ ತಂದದ್ದು ಲ್ಯಾಕ್ಟೇಟ್. ಅಂಗಾಂಗಗಳಿಗೆ ರಕ್ತ ಸಾಲದಿದ್ದಾಗ ಏರುವ ಅದು 2ಕ್ಕಿಂತ ಕೆಳಗೆ ಬಂದಿರುವುದು ಒಳ್ಳೆಯ ಲಕ್ಷಣ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಇನ್ನೂ ಹೋಗುತ್ತಿದೆಯೇ, ನಿನ್ನೆಗಿಂತ ಕಡಿಮೆ ಸಾಕಾಗುತ್ತಿದೆಯೇ ಎಂದು ಕೇಳಿ.

ಪ್ರೊಕ್ಯಾಲ್ಸಿಟೋನಿನ್ ಇಳಿಕೆ ಸಾಮಾನ್ಯವಾಗಿ ಸೋಂಕು ಹಿಡಿತಕ್ಕೆ ಬರುತ್ತಿರುವ ಸೂಚನೆ. ಗರಿಷ್ಠ ಮಟ್ಟದಿಂದ ಶೇ 80ರಷ್ಟು ಇಳಿದು ರೋಗಿಯೂ ಚೇತರಿಸಿಕೊಂಡಿದ್ದರೆ ಆ್ಯಂಟಿಬಯೋಟಿಕ್ ನಿಲ್ಲಿಸುವ ಯೋಚನೆ ಮಾಡುತ್ತೇವೆ. ಕಿಡ್ನಿ ಸೋತವರಲ್ಲಿ ಇದು ನಿಧಾನವಾಗಿ ಇಳಿಯುವುದುಂಟು. ದುಬಾರಿ ಪರೀಕ್ಷೆ, ದಿನವೂ ಮಾಡಿಸಿ ಎಂದು ನೀವಾಗಿ ಒತ್ತಾಯಿಸಬೇಡಿ.

ನನ್ನ ಚಿಂತೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್‌ದು. ಹಳೆಯ ವರದಿಗಳನ್ನು ಹುಡುಕಿ ವೈದ್ಯರಿಗೆ ಕೊಡಿ. ಮೊದಲೇ 2ರ ಆಸುಪಾಸಿನಲ್ಲಿತ್ತೇ, ಈಗ ಏರಿದ್ದೇ ಎಂಬುದರ ಮೇಲೆ ಲೆಕ್ಕವೇ ಬದಲಾಗುತ್ತದೆ. ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ, ಸ್ಕ್ಯಾನ್‌ನಲ್ಲಿ ಕಲ್ಲು ಅಥವಾ ಅಡಚಣೆ ಕಂಡಿದೆಯೇ ಕೇಳಿ. ಅಡಚಣೆಯಿದ್ದರೆ ಯೂರಾಲಜಿಸ್ಟ್ ತಡಮಾಡದೆ ಅದನ್ನು ತೆರವುಗೊಳಿಸಬೇಕು, ಔಷಧವೊಂದೇ ಸಾಲದು. ಮೂತ್ರ ಕಡಿಮೆಯಾಗುತ್ತಿದ್ದರೆ ಕಿಡ್ನಿ ತಜ್ಞರನ್ನು ಇಂದೇ ಕರೆಸಲು ಹೇಳಿ. ಮುಂದೆ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಜ್ವರ, ನಡುಕ, ಏದುಸಿರು ಅಥವಾ ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.