ಪ್ರಿಂಟರ್ ಮುದ್ರಿಸದಿದ್ದಾಗ: ಹೊಸದನ್ನು ಕೊಳ್ಳುವ ಮುನ್ನ



ಕಳೆದ ಮಳೆಗಾಲದಲ್ಲಿ ನಮ್ಮ ಪಂಚಾಯತಿ ಕಚೇರಿಯ ಪ್ರಿಂಟರ್ ಇದ್ದಕ್ಕಿದ್ದಂತೆ ನಿಂತಿತು. ನಮೂನೆ-9ರ ಪ್ರತಿಗಾಗಿ ಬಂದಿದ್ದ ಕೂಲಿಕಾರ ಮಹಿಳೆಯೊಬ್ಬರು ಸಂಜೆಯವರೆಗೆ ಕಾದು ಬರಿಗೈಯಲ್ಲಿ ಹಿಂದಿರುಗಿದರು. ಅವರ ಒಂದು ದಿನದ ಕೂಲಿ ಹೋಯಿತು. ಯಂತ್ರ ಕೆಟ್ಟಿದೆಯೆಂದು ಭಾವಿಸಿ ಹೊಸದರ ಖರೀದಿಗೆ ನಾನೇ ಟಿಪ್ಪಣಿ ಬರೆದಿದ್ದೆನು. ಮರುದಿನ ಪರಿಶೀಲಿಸಿದಾಗ ಯಂತ್ರದಲ್ಲಿ ದೋಷವೇ ಇರಲಿಲ್ಲ. ಕಸ ಗುಡಿಸುವಾಗ ಕಳಚಿದ್ದ ಯುಎಸ್‌ಬಿ ಕೇಬಲನ್ನು ಬೇರೊಂದು ಪೋರ್ಟಿಗೆ ಸಿಕ್ಕಿಸಲಾಗಿತ್ತು. ಕಂಪ್ಯೂಟರ್ ಅದನ್ನು ಹೊಸ ಪ್ರಿಂಟರ್ ಎಂದು ದಾಖಲಿಸಿಕೊಂಡು, ಮುದ್ರಣದ ಆದೇಶಗಳನ್ನು ಮಾತ್ರ ಹಳೆಯ ಹೆಸರಿಗೇ ಕಳುಹಿಸುತ್ತಿತ್ತು. ಟಿಪ್ಪಣಿಯನ್ನು ಹಿಂಪಡೆದೆನು.

ಮುದ್ರಣದ ಆದೇಶವು ಕಂಪ್ಯೂಟರ್, ಸಂಪರ್ಕ, ಪ್ರಿಂಟರ್ ಎಂಬ ಮೂರು ಹಂತಗಳನ್ನು ದಾಟಬೇಕು. ದೋಷವು ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ಗುರುತಿಸುವುದೇ ಈ ಪಾಠದ ಸಾರ.

1. ಪರೀಕ್ಷಾ ಪುಟ: ಬಹುತೇಕ ಪ್ರಿಂಟರ್‌ಗಳು ಕಂಪ್ಯೂಟರಿನ ನೆರವಿಲ್ಲದೆ ತಮ್ಮ ಗುಂಡಿಯಿಂದಲೇ ಪರೀಕ್ಷಾ ಪುಟವನ್ನು ಮುದ್ರಿಸಬಲ್ಲವು. ಪುಟ ಸರಿಯಾಗಿ ಬಂದರೆ ದೋಷವನ್ನು ಕೇಬಲ್ ಅಥವಾ ಕಂಪ್ಯೂಟರಿನಲ್ಲಿ ಹುಡುಕಬೇಕು. ಬಾರದಿದ್ದರೆ ವಿದ್ಯುತ್, ಕಾಗದ, ಟೋನರ್‌ಗಳನ್ನು ನೋಡಬೇಕು.

2. ಸರದಿ: ಮೊದಲ ಕಡತ ಸಿಕ್ಕಿಕೊಂಡರೆ ಅದರ ಹಿಂದಿನವೆಲ್ಲವೂ ನಿಲ್ಲುತ್ತವೆ. ಪ್ರಿಂಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಸರದಿ ಬೆಳೆಯುವುದೇ ಹೊರತು ಪುಟ ಬಾರದು. ಸರದಿಯಲ್ಲಿರುವುದನ್ನೆಲ್ಲ ರದ್ದುಪಡಿಸಿ, ರದ್ದಾಗದಿದ್ದರೆ ಕಂಪ್ಯೂಟರನ್ನು ಮರುಪ್ರಾರಂಭಿಸಿ.

3. ಹೆಸರು: ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಎರಡು ಹೆಸರಿನಲ್ಲಿದೆಯೇ, ಆಯ್ಕೆಯಾಗಿರುವುದು ‘ಆಫ್‌ಲೈನ್’ ಎಂದು ತೋರಿಸುತ್ತಿದೆಯೇ ನೋಡಿ.

4. ಕಾಗದ: ಮಳೆಗಾಲದಲ್ಲಿ ಕಾಗದವು ತೇವ ಹೀರಿ ಸುರುಳಿಗಟ್ಟುತ್ತದೆ. ಕಟ್ಟನ್ನು ಹೊದಿಕೆಯಲ್ಲಿಯೇ ಇಡಿ. ಹಾಳೆ ಸಿಕ್ಕಿಕೊಂಡರೆ ವಿದ್ಯುತ್ ಆರಿಸಿ, ಬಿಸಿ ಆರಿದ ನಂತರ ಎರಡೂ ಕೈಗಳಿಂದ, ಕಾಗದ ಸಾಗುವ ದಿಕ್ಕಿನಲ್ಲಿ ನಿಧಾನವಾಗಿ ಎಳೆಯಿರಿ.

ಎಚ್ಚರಿಕೆ: ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಬಾರದು. ಟೋನರನ್ನು ಕಾಗದಕ್ಕೆ ಬೆಸೆಯುವ ಅದರ ಬಿಸಿ ಭಾಗವು ಒಮ್ಮೆಲೇ ಹೆಚ್ಚು ವಿದ್ಯುತ್ ಸೆಳೆಯುವುದರಿಂದ ಯುಪಿಎಸ್ ಮೇಲೆ ಹೊರೆ ಬೀಳುತ್ತದೆ. ಗೋಡೆಯ ಸಾಕೆಟ್ಟಿಗೇ ಜೋಡಿಸತಕ್ಕದ್ದು.

ಸದಸ್ಯರು ಯಂತ್ರವನ್ನು ಬಿಚ್ಚಬೇಕಾಗಿಲ್ಲ. ಆದರೆ ದುರಸ್ತಿ ಅಥವಾ ಖರೀದಿಯ ಪ್ರಸ್ತಾವನೆ ಸಭೆಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬಹುದು: ಪರೀಕ್ಷಾ ಪುಟ ಬಂದಿತೇ? ಸರದಿಯನ್ನು ತೆರವುಗೊಳಿಸಲಾಯಿತೇ? ಬೇರೊಂದು ಕೇಬಲ್ ಹಾಗೂ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನೋಡಲಾಯಿತೇ? ಮೂರಕ್ಕೂ ಉತ್ತರ ದೊರೆತ ಬಳಿಕವೇ ಅನುಮೋದನೆ ನೀಡುವುದು ಸೂಕ್ತ. ಖರ್ಚಾಗುವುದು ಗ್ರಾಮದ ತೆರಿಗೆಯ ಹಣ.

ಪ್ರಿಂಟರ್ ನಿಂತರೂ ಸೇವೆ ನಿಲ್ಲಬಾರದು. ಸಿದ್ಧವಾಗಿರುವ ದಾಖಲೆಯ ಪಿಡಿಎಫ್ ಪ್ರತಿಯನ್ನು ಅರ್ಜಿದಾರರ ಮೊಬೈಲಿಗೇ ಕಳುಹಿಸಬಹುದು. ಅಂದು ನನಗೆ ಇಷ್ಟು ಹೊಳೆದಿದ್ದರೆ ಆ ಮಹಿಳೆ ಎರಡನೆಯ ದಿನದ ಕೂಲಿಯನ್ನೂ ಬಿಟ್ಟು ಬರಬೇಕಾಗಿರಲಿಲ್ಲ.