ಆಮೆ ತೊಟ್ಟಿಯ ಲೆಕ್ಕ

ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ಬರುತ್ತಾಳೆ ಎನ್ನುವವರು ನಮ್ಮ ಬೀದರಿನಲ್ಲೂ ಇದ್ದಾರೆ. ಮಗಳು ಸಾಕಿರುವ ಕೆಂಪು ಕಿವಿಯ ಆಮೆಯ ಖರ್ಚು ಬರೆದಿಡುವ ನನಗೆ ಲಕ್ಷ್ಮಿ ಹೋಗುವ ದಾರಿ ಮಾತ್ರ ಗೊತ್ತು. ಆಮೆಗೆ ಕೊಟ್ಟಿದ್ದು ಚಿಲ್ಲರೆ ದುಡ್ಡು. ಗಾಜಿನ ತೊಟ್ಟಿ ಒಂದೇ ಸಲದ ಖರ್ಚು. ತಿಂಗಳು ತಿಂಗಳೂ ಕೈ ಕಚ್ಚುವುದು ನೀರು ಮತ್ತು ಕರೆಂಟು. ಎರಡೂ ಎಷ್ಟಾಗುತ್ತದೆ ಎನ್ನುವುದು ಫಿಲ್ಟರ್ ಮೇಲಿದೆ.

ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಘನ ಅಡಿಗೆ 28 ಲೀಟರ್ ಹಿಡಿದರೆ ತುಂಬಾ ತುಂಬಿದಾಗ 190 ಲೀಟರ್. ಆಮೆ ಹತ್ತಿ ಮೈ ಒಣಗಿಸಿಕೊಳ್ಳಲು ಜಾಗ ಬೇಕಲ್ಲ, ಹಾಗಾಗಿ ನಾವು ನಿಲ್ಲಿಸುವುದು 120 ಲೀಟರ್ ಆಸುಪಾಸು. ಮೀನಿಗಿಂತ ಆಮೆಯ ಹೊಲಸು ಬಹಳ ಹೆಚ್ಚು. ಫಿಲ್ಟರ್ ಇಲ್ಲದೆ ಎರಡು ದಿನಕ್ಕೊಮ್ಮೆ ನೀರೆಲ್ಲ ಚೆಲ್ಲುತ್ತಾ ಹೋದರೆ ತಿಂಗಳಿಗೆ 1,800 ಲೀಟರ್. ಫಿಲ್ಟರ್ ಸರಿಯಿದ್ದರೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರಾಯಿತು, ತಿಂಗಳಿಗೆ 120–130 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್‌ನವನಿಗೆ ಫೋನ್ ಹಚ್ಚುವ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ. ಬಹಮನಿ ಕಾಲದಲ್ಲಿ ನೌಬಾದಿನ ಜಂಬಿಟ್ಟಿಗೆ ಕಲ್ಲಿನೊಳಗೆ ಸುರಂಗ ಬಾವಿ ಕೊರೆದವರಿಗೂ ಈ ದಿನ್ನೆಯ ಮೇಲೆ ನೀರಿನ ಬೆಲೆ ಏನೆಂದು ತಿಳಿದಿತ್ತು.

ಅಂಗಡಿಯಲ್ಲಿ ಫಿಲ್ಟರ್ ಪೆಟ್ಟಿಗೆಯ ಮೇಲೆ ಬರೆದಿರುವುದು ಮೀನಿನ ತೊಟ್ಟಿಯ ಲೆಕ್ಕ. ಆಮೆಗಾದರೆ ನಮ್ಮಲ್ಲಿರುವ ನೀರಿನ ಎರಡರಿಂದ ಮೂರು ಪಟ್ಟಿನ ತೊಟ್ಟಿಗೆಂದು ಮಾಡಿದ್ದನ್ನು ಕೊಳ್ಳಬೇಕು. ನಮ್ಮ 120 ಲೀಟರಿಗೆ 300 ಲೀಟರಿನದು. ಗಂಟೆಗೆ ಇಷ್ಟು ಸಾವಿರ ಲೀಟರ್ ಎತ್ತುತ್ತದೆ ಎಂಬ ಅಂಕಿ ಬರೀ ಪಂಪಿನದು. ಒಳಗೆ ಸ್ಪಂಜು ತುಂಬಿ, ಪೈಪು ಮೇಲೇರಿಸಿದ ಮೇಲೆ ಅದು ಇಳಿಯುತ್ತದೆ.

ಕೊನೆಗೆ ನನ್ನ ಮುಂದೆ ಉಳಿದವು ಎರಡು. ನೀರಿನೊಳಗೇ ಮುಳುಗಿಸುವಂಥದ್ದು 35 ವ್ಯಾಟ್, ಬೆಲೆ 1,200 ರೂಪಾಯಿ. ತೊಟ್ಟಿಯ ಹೊರಗೆ ಡಬ್ಬಿಯಂತೆ ನಿಲ್ಲುವ ಕ್ಯಾನಿಸ್ಟರ್ 18 ವ್ಯಾಟ್, 5,500. ಹಗಲೂ ರಾತ್ರಿ ಓಡುವ ಯಂತ್ರವಾದ್ದರಿಂದ ಮೊದಲನೆಯದು ತಿಂಗಳಿಗೆ 25 ಯೂನಿಟ್ ತಿನ್ನುತ್ತದೆ, ಎರಡನೆಯದು 13. ಇಲ್ಲಿ ಗೃಹಜ್ಯೋತಿ ನಡುವೆ ಬರುತ್ತದೆ. ಕರೆಂಟು ಪುಕ್ಕಟೆ ಎಂದುಕೊಂಡವರು ಜೆಸ್ಕಾಂ ಬಿಲ್ಲನ್ನು ಇನ್ನೊಮ್ಮೆ ನೋಡಬೇಕು. ಪುಕ್ಕಟೆ ಸಿಗುವುದು 2022–23ರ ನಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಮಾತ್ರ. ಆಗ ಮನೆಯಲ್ಲಿ ಆಮೆ ಇರಲಿಲ್ಲ! ಅದರ ಯೂನಿಟ್ಟೆಲ್ಲ ಮಿತಿಯ ಆಚೆಗೇ ಬೀಳುತ್ತದೆ. ತಿಂಗಳ ಒಟ್ಟು 200 ದಾಟಿತೋ, ಪೂರ್ತಿ ಬಿಲ್ಲು ನಮ್ಮದೇ.

ಯೂನಿಟ್ಟಿಗೆ ಆರು ರೂಪಾಯಿ ಹಿಡಿಯಿರಿ. ಕ್ಯಾನಿಸ್ಟರಿನಿಂದ ವರ್ಷಕ್ಕೆ ಉಳಿಯುವುದು ಸುಮಾರು 860. ಹೆಚ್ಚು ಕೊಟ್ಟ 4,300 ವಾಪಸಾಗಲು ಐದು ವರ್ಷ. ಬರೀ ಕರೆಂಟಿಗಾಗಿ ಅಷ್ಟು ದುಡ್ಡು ಹಾಕಿ ಎಂದು ನಾನಂತೂ ಹೇಳುವುದಿಲ್ಲ. ಆದರೂ ಅದನ್ನೇ ಕೊಂಡೆ. ಹೊಲಸಿನ ಅಮೋನಿಯಾ ಕಳೆಯುವುದು ಸ್ಪಂಜಲ್ಲ, ಸ್ಪಂಜು ಮತ್ತು ಪಿಂಗಾಣಿ ಬಿಲ್ಲೆಗಳಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾ. ಕ್ಯಾನಿಸ್ಟರಿನಲ್ಲಿ ಅವಕ್ಕೆ ಜಾಗ ಜಾಸ್ತಿ. ಕೆಂಪು ಕಿವಿಯ ಆಮೆ ಇಪ್ಪತ್ತು–ಮೂವತ್ತು ವರ್ಷ ಬದುಕುವ ಜೀವ, ಚಿಪ್ಪು ಅಡಿಗೆ ಹತ್ತಿರ ಬಂದರೂ ಬಂತು. ಈಗಿನ ಅಂಗೈ ಗಾತ್ರ ನೋಡಿ ಕೊಂಡರೆ ಇನ್ನೆರಡು ವರ್ಷಕ್ಕೆ ಮತ್ತೆ ಅಂಗಡಿ.

ಔರಾದಿನಲ್ಲಿರುವ ಕಾಕಾನ ಮಗನಿಗೆ ಮಾತ್ರ ನಾನು ಕ್ಯಾನಿಸ್ಟರ್ ಕೊಳ್ಳಲು ಹೇಳಲಿಲ್ಲ. ಅವನ ಓಣಿಯಲ್ಲಿ ಕರೆಂಟು ಹೋದರೆ ಗಂಟೆಗಟ್ಟಲೆ ಇಲ್ಲ. ಮುಚ್ಚಿದ ಕ್ಯಾನಿಸ್ಟರಿನೊಳಗೆ ನಿಂತ ನೀರಿನಲ್ಲಿ ಗಾಳಿಯಿಲ್ಲದೆ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಕರೆಂಟು ಬಂದಾಗ ಕೊಳೆತ ನೀರು ನೇರ ತೊಟ್ಟಿಗೆ. ಅವನು ತೊಟ್ಟಿಯ ಮೇಲೊಂದು ತೂತಿನ ಬಕೆಟ್ಟಿಟ್ಟು, ಒಡೆದ ಹಂಚಿನ ಚೂರು, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರು, ಸ್ಪಂಜು ತುಂಬಿ, ಸಣ್ಣ ಪಂಪಿನಿಂದ ನೀರು ಸುರಿಸುತ್ತಾನೆ. ಪಂಪು ನಿಂತರೂ ಹಸಿ ಚೂರುಗಳಿಗೆ ಗಾಳಿ ಆಡುತ್ತದೆ. ನೋಡಲು ಚೆಂದವಿಲ್ಲ, ಸಾವಿರದೊಳಗೆ ಮುಗಿದಿದೆ.

ಭಾಲ್ಕಿಯ ಅಕ್ಕನ ಮನೆಗೆ ಬರುವುದು ಕ್ಲೋರಿನ್ ಹಾಕಿದ ನಲ್ಲಿ ನೀರು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾವೂ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡು ಎಂದಿದ್ದೇನೆ. ಹಿಂಡಿದ ನೀರು ಅವಳ ಕರಿಬೇವಿನ ಗಿಡಕ್ಕೆ ಹೋಗುತ್ತದೆ.

ಮಾಂಜ್ರಾ ದಂಡೆಯಲ್ಲಿ ಸಿಗುವ ಆಮೆ ಪುಕ್ಕಟೆಯಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಹೊಳೆ-ಕೆರೆಯ ಆಮೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಡಿದು ಸಾಕುವುದು ಜೈಲಿನ ಬಾಬತ್ತು. ಸಾಕಿ ಸಾಕಾದ ಕೆಂಪು ಕಿವಿಯದನ್ನು ಕಾರಂಜಾ ಜಲಾಶಯಕ್ಕೆ ಬಿಡುವುದೂ ಬೇಡ, ಹೊರದೇಶದ ಆ ತಳಿ ಇಲ್ಲಿನ ಆಮೆಗಳ ಕೂಳು ಕಸಿಯುತ್ತದೆ.

ಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳಬೇಕಾದ ಮಾತು ಗ್ಯಾರಂಟಿಯದಲ್ಲ. ಒಳಗೆ ತಿರುಗುವ ಪುಟ್ಟ ಚಕ್ರ ಮತ್ತು ಮುಚ್ಚಳದ ರಬ್ಬರ್ ರಿಂಗು ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಮೊದಲು ಕೆಡುವುದು ಅವೇ. ಬೀದರಿನಲ್ಲಿ ಸಿಗದಿದ್ದರೆ ಹೈದರಾಬಾದಿನ ಬಸ್ ಚಾರ್ಜನ್ನೂ ಫಿಲ್ಟರಿನ ಬೆಲೆಗೆ ಸೇರಿಸಿಕೊಳ್ಳಿ.