ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಹೆಡ್‌ಸೆಟ್

ಮೊಮ್ಮಗ ತಂದುಕೊಟ್ಟ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿಕೊಂಡು ದೃಷ್ಟಿ ಚುರುಕು ಮಾಡಿಕೊಳ್ಳಲು ಹೊರಟಿದ್ದೀರಾ? ಒಳ್ಳೆಯದೇ. ಆದರೆ ಕಣ್ಣು ತೋರಿಸಿ ಎಷ್ಟು ವರ್ಷವಾಯಿತು ಹೇಳಿ. "ಇನ್ನೂ ಕಾಣುತ್ತದಲ್ಲ" ಎಂದು ಮುಂದೂಡುವ ಅಭ್ಯಾಸ ಮೊದಲು ಬಿಡಿ. ಬಲಿತ ಪೊರೆಗೆ ಶಸ್ತ್ರಚಿಕಿತ್ಸೆಯೇ ಮದ್ದು. ಗ್ಲಾಕೋಮಾ ಸದ್ದಿಲ್ಲದೆ ಅಂಚಿನ ನೋಟವನ್ನು ಕದಿಯುತ್ತದೆ. ಹೋದದ್ದು ಮರಳಿ ಬಾರದು. ಸಕ್ಕರೆ ಕಾಯಿಲೆಯವರಂತೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ತಪ್ಪಿಸಲೇಬಾರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ?

ಹಾಗಾದರೆ ದೃಷ್ಟಿಗೆ ತರಬೇತಿ ಯಾಕೆ ಎನ್ನುತ್ತೀರಿ. ನೋಡುವ ಕೆಲಸ ಕಣ್ಣಿನದಷ್ಟೇ ಅಲ್ಲ, ಮಿದುಳಿನದೂ ಹೌದು. ವಯಸ್ಸಾದಂತೆ ಸಂಜೆಗತ್ತಲಲ್ಲಿ ಮೆಟ್ಟಿಲಿನ ಅಂಚು, ಸ್ಟೀಲ್ ಲೋಟದಲ್ಲಿನ ನೀರಿನ ಮಟ್ಟ ಬೇರೆಯಾಗಿ ಕಾಣುವುದು ಕಷ್ಟ. ಇದನ್ನು ಅಭ್ಯಾಸದಿಂದ ಸುಧಾರಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಹಿರಿಯರು ದಿನಕ್ಕೆ ಒಂದೂವರೆ ಗಂಟೆಯಂತೆ 7 ದಿನ ಪರದೆಯ ಮೇಲಿನ ಮಸುಕು ಪಟ್ಟೆಗಳು ಯಾವ ಕಡೆ ವಾಲಿವೆ ಎಂದು ಗುರುತಿಸಿದರು. ಕೊನೆಗೆ ಆ ಕೆಲಸದಲ್ಲಿ, ತರಬೇತಿಗೆ ಮುಂಚಿನ ಕಾಲೇಜು ಹುಡುಗರ ಮಟ್ಟ ಮುಟ್ಟಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೇ ಸುಳ್ಳಾಗಿಸಿದರು!

ಅವರು ಬಳಸಿದ್ದು ಸಾದಾ ಕಂಪ್ಯೂಟರ್. ಹೆಡ್‌ಸೆಟ್ಟಾದರೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸಿ, ಆಳದ ಅಂದಾಜಿಗೂ ಅಂಚಿನ ನೋಟಕ್ಕೂ ಅಭ್ಯಾಸ ಕೊಡಬಲ್ಲದು. ಆದರೆ ವಯಸ್ಸಿಗೆ ಗಟ್ಟಿಯಾದ ಕಣ್ಣಿನ ಮಸೂರವನ್ನು ಅದು ಮೆದು ಮಾಡದು. ಓದುವ ಕನ್ನಡಕ ಎಸೆಯಬೇಡಿ.

ಬಳಸುವಾಗ ನನ್ನ ಮಾತು ಕೇಳಿ. ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂತೇ ಮಾಡಿ, ನಿಂತುಕೊಂಡು ಬೇಡ. ಮೊದಲ ದಿನ ಹತ್ತು ನಿಮಿಷ ಸಾಕು. ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ಹಟ ಮಾಡದೆ ತೆಗೆದಿಡಿ. ತೆಗೆದ ಕೂಡಲೇ ಎದ್ದು ಓಡಾಡಬೇಡಿ, ಸ್ಕೂಟರ್ ಹತ್ತಬೇಡಿ. ಮೂರ್ಛೆ ರೋಗ ಇದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಹೆಡ್‌ಸೆಟ್ಟನ್ನು ಕಿಟಕಿಯ ಬಿಸಿಲಿಗೂ ಇಡಬೇಡಿ. ಅದರ ಮಸೂರಗಳು ಬಿಸಿಲನ್ನು ಒಂದೆಡೆ ಸೇರಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತವೆ. ಎರಡು ದಿನಕ್ಕೆ ಬೇಸತ್ತು ಬಿಡಲೂಬೇಡಿ. ಹನಿ ಹನಿ ಕೂಡಿದರೆ ಹಳ್ಳ.

ಜೊತೆಗೆ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಅಂಟಿಸಿ, ಬಚ್ಚಲಿಗೆ ಒಳ್ಳೆಯ ಬಲ್ಬ್ ಹಾಕಿಸಿ. ಇವತ್ತೇ ಫೋನ್ ಮಾಡಿ ಕಣ್ಣಿನ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳಿ. ಹೆಡ್‌ಸೆಟ್ ಒಂದು ವಾರ ಕಪಾಟಿನಲ್ಲಿ ಕಾದರೆ ಕೆಡುವುದಿಲ್ಲ, ಕಣ್ಣು ಹಾಗಲ್ಲ.